ಬಿಸಿಲಿಗೆ ಕೆರಳುವ ತುರಿಕೆ: ಪಾರ್ಥೇನಿಯಂ ಚರ್ಮರೋಗದ ಗುರುತು ಮತ್ತು ಚಿಕಿತ್ಸೆ



ಅಡಿಕೆಯ ಕೊಳೆರೋಗಕ್ಕೆ ಯಾವಾಗ ಔಷಧಿ ಹೊಡೆಯಬೇಕು, ಕಾಫಿಯ ಕಾಂಡಕೊರಕಕ್ಕೆ ಏನು ಮಾಡಬೇಕು ಎಂಬುದು ನಮಗೆಲ್ಲ ಬಾಯಿಪಾಠವಾಗಿದೆ. ಎಲೆಯ ಮೇಲೆ ಒಂದು ಚುಕ್ಕೆ ಕಂಡರೂ ಎಚ್ಚೆತ್ತುಕೊಳ್ಳುತ್ತೇವೆ. ಆದರೆ ಅದೇ ಗಿಡದ ಬುಡದಲ್ಲಿ ಕಳೆ ಕೀಳುವವನ ಕತ್ತು ಕಪ್ಪಾಗಿ ದಪ್ಪಗಟ್ಟಿದ್ದರೆ "ಏನೋ ಉಷ್ಣ ಹೆಚ್ಚಾಗಿದೆ, ಎಳನೀರು ಕುಡಿ" ಎಂದು ಹೇಳಿ ಮುಂದೆ ಹೋಗುತ್ತೇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಬಯಲಿನಲ್ಲಿ ದುಡಿಯುವವರಿಗೆ ಬರುವ ಇಂಥ ತುರಿಕೆಗೆ ಅನೇಕ ವೇಳೆ ಕಾರಣ ಉಷ್ಣವೂ ಅಲ್ಲ, ನಾಗದೋಷವೂ ಅಲ್ಲ. ನಮ್ಮ ಬದುಗಳ ಮೇಲೆ ನಾವೇ ಬೆಳೆಯಲು ಬಿಟ್ಟಿರುವ ಪಾರ್ಥೇನಿಯಂ ಗಿಡ. ಈ ರೋಗವನ್ನು ಬೇಗ ಗುರುತಿಸಿದರೆ ಹತೋಟಿಗೆ ತರಬಹುದು. ತಡ ಮಾಡಿದರೆ ಅದು ಜೀವಮಾನದ ಸಂಗಾತಿಯಾಗುತ್ತದೆ. ಆದ್ದರಿಂದ ಈ ಲೇಖನ.

ಗಿಡ ಬಂದ ಬಗೆ

ಪಾರ್ಥೇನಿಯಂ ಹಿಸ್ಟೆರೋಫೋರಸ್ ಅಮೆರಿಕ ಖಂಡದ ಉಷ್ಣ ಪ್ರದೇಶದ ಗಿಡ. ನಮ್ಮ ದೇಶದಲ್ಲಿ ಇದು 1955ರಲ್ಲಿ ಪುಣೆಯ ಬಳಿ ಗಮನಕ್ಕೆ ಬಂದಿತು. 1956ರಲ್ಲಿ ಸಸ್ಯಶಾಸ್ತ್ರಜ್ಞ ಆರ್.ಎಸ್. ರಾವ್ ಅವರು ದಾಖಲಿಸಿದರು. ಆಮದಾದ ಗೋಧಿಯೊಡನೆ ಬೀಜ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಲೆಯ ತುಂಬ ಬಿಳಿ ಟೋಪಿ ಹಾಕಿದಂತೆ ಹೂ ಬಿಡುವುದರಿಂದ ಜನ ಇದನ್ನು ಕಾಂಗ್ರೆಸ್ ಗಿಡವೆಂದು ಕರೆದರು. ಎಲೆ ಮಾತ್ರ ಕ್ಯಾರೆಟ್ಟಿನ ಎಲೆಯಂತೆ ಸೀಳುಸೀಳಾಗಿರುತ್ತದೆ. ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ.

1974ರಲ್ಲಿ ಲೋಣಕರ್, ಮಿಚೆಲ್ ಮತ್ತು ಕ್ಯಾಲ್ನನ್ ಎಂಬ ವೈದ್ಯರು ಈ ಗಿಡದಿಂದ ಬರುವ ಚರ್ಮರೋಗದ ವಿವರಗಳನ್ನು ಪ್ರಕಟಿಸಿದರು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಕೃಷಿ ಪೀಡೆಯೆಂದು ಘೋಷಿಸಿತು. ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಈ ಗಿಡದಿಂದಾಗುವ ಅಲರ್ಜಿಯನ್ನು ಅಧ್ಯಯನ ಮಾಡಿದರು. ಅಂದಮೇಲೆ ಇದು ನಿನ್ನೆ ಮೊನ್ನೆಯ ವಿಷಯವಲ್ಲ. ಅರ್ಧ ಶತಮಾನದಿಂದ ತಿಳಿದಿದ್ದೂ ನಾವು ಅಸಡ್ಡೆ ಮಾಡಿರುವ ವಿಷಯ.

ನಮ್ಮದು ತೋಟದ ಸೀಮೆ, ಇದು ಬಯಲು ಸೀಮೆಯ ಪೀಡೆ ಎನ್ನುವವರುಂಟು. ದಟ್ಟ ನೆರಳಿನ ಕಾಫಿಯಡಿಯಲ್ಲಿ ಈ ಗಿಡ ಕಡಿಮೆ ಎಂಬುದು ನಿಜ. ಆದರೆ ಕಣದ ಅಂಚು, ರಸ್ತೆಯ ಬದಿ, ನಾಲೆಯ ಏರಿ, ಹೊಸದಾಗಿ ಅಡಿಕೆ ಸಸಿ ನೆಟ್ಟ ತೆರೆದ ಜಾಗ ಇವೆಲ್ಲ ಇದಕ್ಕೆ ಪ್ರಶಸ್ತ. ಬಯಲು ಸೀಮೆಯಿಂದ ಲಾರಿಯಲ್ಲಿ ತರಿಸುವ ಕೊಟ್ಟಿಗೆ ಗೊಬ್ಬರದ ಜೊತೆಗೂ ಬೀಜ ಬರುತ್ತದೆ. ಹಣ ಕೊಟ್ಟು ರೋಗ ತರಿಸಿಕೊಂಡಂತೆ!

ರೋಗ ಹುಟ್ಟುವ ಬಗೆ

ಗಿಡದ ಎಲೆ ಕಾಂಡಗಳ ಮೇಲಿನ ಸಣ್ಣ ರೋಮಗಳಲ್ಲಿಯೂ ಹೂವಿನ ಪರಾಗದಲ್ಲಿಯೂ ಪಾರ್ಥೇನಿನ್ ಎಂಬ ವಸ್ತುವಿದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಬೆವರಿನ ಮೈಗೆ ಅಂಟುತ್ತದೆ. ಮೊದಲ ದಿನವೇ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸಂಪರ್ಕವಾದ ಮೇಲೆ ದೇಹ ಈ ವಸ್ತುವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಸ್ವಲ್ಪವೇ ತಗುಲಿದರೂ ಒಂದೆರಡು ದಿನಗಳಲ್ಲಿ ಚರ್ಮ ಕೆಂಪಾಗಿ ಊದಿ ತುರಿಸತೊಡಗುತ್ತದೆ. "ಇಷ್ಟು ವರ್ಷ ಕಿತ್ತಿದ್ದೇನೆ, ಆಗ ಬಾರದ್ದು ಈಗೇಕೆ?" ಎಂದು ಕೇಳುವವರಿಗೆ ಇದೇ ಉತ್ತರ. ನಡುವಯಸ್ಸು ದಾಟಿದ, ಹೊರಗೆ ದುಡಿಯುವ ಗಂಡಸರಲ್ಲಿ ಇದು ಹೆಚ್ಚು.

ಎರಡನೆಯ ಹಂತ ಇನ್ನೂ ಕಷ್ಟದ್ದು. ರೋಗ ಹಳತಾದಂತೆ ಕೆಲವರ ಚರ್ಮ ಗಿಡಕ್ಕೆ ಮಾತ್ರವಲ್ಲ, ಬಿಸಿಲಿಗೂ ಕೆರಳತೊಡಗುತ್ತದೆ. ಆಗ ಗಿಡವಿಲ್ಲದ ಊರಿಗೆ ಹೋದರೂ ಬಿಸಿಲು ಬಿದ್ದ ಕಡೆಯೆಲ್ಲ ಉರಿ, ತುರಿಕೆ. ಚರ್ಮ ಒರಟಾಗಿ, ಗೆರೆಗೆರೆಯಾಗಿ, ಆನೆಯ ಚರ್ಮದಂತೆ ದಪ್ಪವಾಗುತ್ತದೆ. ಈ ಹಂತಕ್ಕೆ ಬರುವ ಮೊದಲೇ ತಡೆಯುವುದೇ ಮುಖ್ಯ.

ಗುರುತಿಸುವುದು ಹೇಗೆ?

ರೋಗ ಎಲ್ಲಿ ಕೂತಿದೆ ಎಂಬುದನ್ನು ಮೊದಲು ನೋಡಬೇಕು. ಗಾಳಿಯಲ್ಲಿ ಬರುವ ಪುಡಿ ಸಂದುಗೊಂದಿಗೂ ನುಗ್ಗುತ್ತದೆ. ಆದ್ದರಿಂದ ಕಣ್ಣಿನ ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಗೆ, ಕತ್ತಿನ ಸುತ್ತ, ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗ ಇವು ಪಾರ್ಥೇನಿಯಂ ರೋಗದ ಜಾಗಗಳು. ಬರೀ ಬಿಸಿಲಿನಿಂದ ಬರುವ ರೋಗವಾದರೆ ಹಣೆ, ಕೆನ್ನೆ, ಮೂಗು, ಎದೆಯ ತೆರೆದ ಭಾಗ, ಮುಂಗೈಯ ಮೇಲ್ಭಾಗ ಕೆಂಪಾಗುತ್ತವೆ; ಗದ್ದದ ನೆರಳು ಬೀಳುವ ಜಾಗ, ಕಿವಿಯ ಹಿಂಭಾಗ ಉಳಿಯುತ್ತವೆ. ಹಳೆಯ ರೋಗಿಯಲ್ಲಿ ಎರಡೂ ಬೆರೆತಿರುತ್ತವೆ. ಮೊದಮೊದಲು ಗಿಡ ಹುಲುಸಾಗಿ ಬೆಳೆಯುವ ತಿಂಗಳುಗಳಲ್ಲಿ ಹೆಚ್ಚಿ ಚಳಿಗಾಲದಲ್ಲಿ ಇಳಿಯುವುದು ಇನ್ನೊಂದು ಗುರುತು. ಕ್ರಮೇಣ ವರ್ಷಪೂರ್ತಿ ನಿಲ್ಲುತ್ತದೆ.

ಇದರೊಡನೆ ಗೊಂದಲವಾಗುವ ರೋಗಗಳನ್ನೂ ತಿಳಿದಿರಬೇಕು:

1. ಮೈಲುತುತ್ತ, ಸುಣ್ಣದ ಉರಿ: ಬೋರ್ಡೋ ಮಿಶ್ರಣ ಬೆರೆಸಿದ ಕೈಗೆ, ತಗುಲಿದ ಜಾಗಕ್ಕೆ ಮಾತ್ರ, ಹೆಚ್ಚಾಗಿ ಅದೇ ದಿನ ಬರುತ್ತದೆ. ಕೆಲಸ ನಿಲ್ಲಿಸಿದರೆ ಇಳಿಯುತ್ತದೆ.

2. ಸೋರಿಯಾಸಿಸ್: ಮೊಣಕೈಯ ಹೊರಭಾಗ, ಮಂಡಿಯ ಮುಂಭಾಗ, ತಲೆಯಲ್ಲಿ ಬೆಳ್ಳಿಯಂಥ ಹೊಟ್ಟು. ಬಿಸಿಲಿಗೆ ಇದು ಹಲವರಲ್ಲಿ ಕಡಿಮೆಯೇ ಆಗುತ್ತದೆ.

3. ಹುಳುಕಡ್ಡಿ: ಉಂಗುರದಂತೆ ಅಂಚು ಕಟ್ಟಿ ಹರಡುತ್ತದೆ. ಸೊಂಟ, ತೊಡೆಸಂದಿಯಲ್ಲಿ ಹೆಚ್ಚು.

4. ಕಜ್ಜಿ: ಬೆರಳ ಸಂದಿಯಲ್ಲಿ, ರಾತ್ರಿ ತುರಿಕೆ ಹೆಚ್ಚು. ಮನೆಯವರಿಗೂ ಹತ್ತುತ್ತದೆ.

5. ಕುಷ್ಠ: ಮಚ್ಚೆ ತುರಿಸುವುದಿಲ್ಲ, ಮುಟ್ಟಿದರೆ ಸ್ಪರ್ಶ ತಿಳಿಯುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ.

6. ಲೂಪಸ್: ಹೆಚ್ಚಾಗಿ ಹೆಂಗಸರಲ್ಲಿ. ಎರಡೂ ಕೆನ್ನೆಯಲ್ಲಿ ಕೆಂಪು, ಜೊತೆಗೆ ಕೀಲುನೋವು, ಜ್ವರ, ಕೂದಲುದುರುವಿಕೆ. ಇವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಚರ್ಮ ಬಿಸಿಲಿಗೆ ಸೂಕ್ಷ್ಮವಾಗಬಹುದು. ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ತಾವಾಗಿಯೇ ನಿಲ್ಲಿಸಬೇಡಿ.

ಅನುಮಾನ ಬಗೆಹರಿಸಲು ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆಯಿದೆ. ಗಿಡದ ಸಾರವನ್ನು ಅಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, ಎರಡು ದಿನ ನೀರು ತಾಗದಂತೆ ಇಟ್ಟು, ತೆಗೆದಾಗಲೂ ಮತ್ತೆ ಒಂದೆರಡು ದಿನ ಬಿಟ್ಟೂ ನೋಡುತ್ತಾರೆ. ಸೂಜಿಯಿಲ್ಲ, ಭಯಪಡಬೇಕಾಗಿಲ್ಲ. ಗಿಡವನ್ನು ತಾವೇ ಕಿತ್ತು ಮೈಗೆ ಉಜ್ಜಿ ನೋಡುವುದು ಮಾತ್ರ ಬೇಡ.

ಚಿಕಿತ್ಸೆಯಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ನಮ್ಮ ತೋಟದಲ್ಲಿ ಹದಿನೈದು ವರ್ಷ ದುಡಿದ ಒಬ್ಬ ಕೆಲಸಗಾರನಿಗೆ ಈ ರೋಗ ಬಂದಿತ್ತು. ಮನೆಯವರು ಕುಷ್ಠವೆಂದು ಹೆದರಿ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಎರಡು ವರ್ಷ ಅಂಗಡಿಯ ಮುಲಾಮು ಹಚ್ಚಿದ್ದ. ಹಚ್ಚಿದಾಗ ಇಳಿದು, ಬಿಟ್ಟಾಗ ಇಮ್ಮಡಿಯಾಗಿ ಬರುತ್ತಿತ್ತು. ಮುಖದ ಚರ್ಮ ತೆಳ್ಳಗಾಗಿ ರಕ್ತನಾಳಗಳು ಕಾಣುತ್ತಿದ್ದವು. ಪರೀಕ್ಷೆಯಲ್ಲಿ ಪಾರ್ಥೇನಿಯಂ ಎಂದು ಗೊತ್ತಾದ ಮೇಲೆ ಅವನನ್ನು ಕಳೆ ಕೆಲಸದಿಂದ ಬಿಡಿಸಿ ಉಗ್ರಾಣದ ಕೆಲಸಕ್ಕೆ ಹಾಕಿದೆವು. ಕೂಲಿ ಕಡಿಮೆ ಮಾಡಲಿಲ್ಲ. ಪೂರ್ತಿ ವಾಸಿಯಾಗದಿದ್ದರೂ ಈಗ ರಾತ್ರಿ ನಿದ್ರೆ ಮಾಡುತ್ತಾನೆ. ಮನೆಯವರ ಜೊತೆ ಕೂತು ಉಣ್ಣುತ್ತಾನೆ. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಈ ಒಂದು ಮಾತನ್ನು ಪ್ರತಿಯೊಬ್ಬ ಮೇಸ್ತ್ರಿಯೂ ಸಾಲುಮನೆಗಳಲ್ಲಿ ಹೇಳಬೇಕು.

ಅಂಗಡಿಯಲ್ಲಿ ಸಿಗುವ ಅನೇಕ ಮುಲಾಮುಗಳಲ್ಲಿ ಪ್ರಬಲ ಸ್ಟೀರಾಯ್ಡ್ ಬೆರೆತಿರುತ್ತದೆ. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಸ್ಟೀರಾಯ್ಡ್ ಒಳ್ಳೆಯ ಔಷಧಿಯೇ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಅದು ಬೆಂಕಿಯಂತೆ ಹರಡುತ್ತದೆ. ರೋಗ ಮೈಯೆಲ್ಲ ಹಬ್ಬಿದವರಿಗೆ ವೈದ್ಯರು ಅಜಥಯೊಪ್ರಿನ್ ಎಂಬ ಮಾತ್ರೆ ಕೊಡುವುದುಂಟು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು ಇದನ್ನು ಪಾರ್ಥೇನಿಯಂ ರೋಗಿಗಳಲ್ಲಿ ಬಳಸಿ ಪ್ರಯೋಜನ ಕಂಡಿದ್ದಾರೆ. ಆದರೆ ಇದು ರಕ್ತಕಣಗಳನ್ನು ತಗ್ಗಿಸಬಹುದು, ಯಕೃತ್ತಿಗೂ ತೊಂದರೆ ಮಾಡಬಹುದು. ಆದ್ದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ ಕಡ್ಡಾಯ. ಒಬ್ಬರ ಚೀಟಿಯಲ್ಲಿ ಇನ್ನೊಬ್ಬರು ಮಾತ್ರೆ ತರಬಾರದು.

ಹಾಸನದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಉಳಿದ ಮೂರು ತಾಲ್ಲೂಕುಗಳವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ಅಲ್ಲಿಗೆ ಹೋಗಬಹುದು. ಒಂದು ದಿನದ ಕೂಲಿ ಹೋಗುತ್ತದೆಂದು ಕೆಲಸಗಾರ ಹಿಂಜರಿಯುತ್ತಾನೆ. ಆ ದಿನದ ಕೂಲಿಯನ್ನು ನಾವು ಕೊಟ್ಟರೆ ಅವನು ಹೋಗುತ್ತಾನೆ. ಇಷ್ಟು ಸರಳ.

ರೋಗಿಗಳು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲು ತಪ್ಪಿಸಬೇಕು. ಉದ್ದ ತೋಳಿನ ಅಂಗಿ, ಅಗಲ ಟೋಪಿ ಬೇಕು. ಮೋಡ ಕವಿದ ದಿನವೂ, ಗಾಜಿನ ಕಿಟಕಿಯ ಪಕ್ಕದಲ್ಲಿಯೂ ಬೆಳಕಿನ ಕಿರಣ ಬರುತ್ತದೆಂಬುದು ನೆನಪಿರಲಿ. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ ಇದೇ ಕುಟುಂಬದವು. ಕೆಲವು ರೋಗಿಗಳಿಗೆ, ವಿಶೇಷವಾಗಿ ಸೇವಂತಿಗೆಯಿಂದ, ತುರಿಕೆ ಕೆರಳುತ್ತದೆ.

ತೋಟದಲ್ಲಿ ನಾವು ಮಾಡಬೇಕಾದ್ದು

ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ ಬೇರುಸಹಿತ ಕೀಳಿಸಬೇಕು. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬಾರದು. ಈಗಾಗಲೇ ತುರಿಕೆಯಿರುವವರನ್ನು ಯಾವ ಕಾರಣಕ್ಕೂ ಕಳಿಸಬಾರದು. ಒಣಗಿದ ಗಿಡವೂ ಅಪಾಯವೇ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬಿಡುಗಡೆ ಮಾಡಿದ ಜೈಗೋಗ್ರಾಮ ದುಂಬಿ ಮಳೆಗಾಲದಲ್ಲಿ ಈ ಗಿಡದ ಎಲೆಯನ್ನು ತಿಂದು ಹಾಕುತ್ತದೆ. ಕೆನೆಬಣ್ಣದ ಬೆನ್ನಿನ ಮೇಲೆ ಕಪ್ಪು ಗೆರೆಗಳಿರುವ ಈ ದುಂಬಿ ಕಂಡರೆ ಔಷಧಿ ಹೊಡೆದು ಕೊಲ್ಲಬೇಡಿ. ಪಾಳು ಜಾಗದಲ್ಲಿ ತಗಚೆ, ತಂಗಡಿಯಂಥ ಗಿಡಗಳು ಒತ್ತಾಗಿ ಬೆಳೆದರೆ ಪಾರ್ಥೇನಿಯಂ ಹಿಂದೆ ಸರಿಯುತ್ತದೆ.

ಒಬ್ಬರ ಬದು ಸ್ವಚ್ಛವಾದರೆ ಸಾಲದು, ಪಕ್ಕದ ಬದುವಿನ ಬೀಜ ಗಾಳಿಯಲ್ಲಿ, ನೀರಿನಲ್ಲಿ ಬಂದೇ ಬರುತ್ತದೆ. ಸಹಕಾರವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೊಂದಿಲ್ಲ. ಮೊದಲ ಮಳೆ ಬಿದ್ದ ವಾರದಲ್ಲಿ ನಾಲೆಯ ಏರಿ, ಊರ ರಸ್ತೆಗಳನ್ನು ಗ್ರಾಮವಾರು ಒಟ್ಟಾಗಿ ಸ್ವಚ್ಛಗೊಳಿಸೋಣ. ನಮ್ಮ ನೆಲದಲ್ಲಿ ನಮ್ಮ ಕೆಲಸ ಮಾಡುವಾಗ ಬಂದ ರೋಗ ಕೆಲಸಗಾರನ ಸ್ವಂತ ಕರ್ಮವಲ್ಲ. ಅದರ ಹೊಣೆಯಲ್ಲಿ ನಮಗೂ ಪಾಲಿದೆ ಎಂಬುದನ್ನು ಸದಸ್ಯರು ಮನಗಾಣಬೇಕೆಂದು ವಿನಂತಿಸುತ್ತೇನೆ.

ಕಾರ್ಯದರ್ಶಿ