ಸಿಂಕ್ ಕೆಳಗೆ ಬಗ್ಗಿ ನೋಡಿದ್ದೀರಾ? ಅಡುಗೆಮನೆಗೆ ಪ್ಲೈವುಡ್ ಆರಿಸುವ ಮುನ್ನ

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ನಡೀತಿದ್ದಾಗ ಅಪ್ಪನ ಫೋನ್ ಬಂತು. "ಚಿಕ್ಕಪ್ಪ ಹೊಸ ಮನೆಗೆ ಅಡುಗೆಮನೆ ಕೆಲಸ ಶುರು ಮಾಡಿಸ್ತಿದ್ದಾರೆ. ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಯಾವ ಪ್ಲೈವುಡ್ ಹಾಕಿಸೋದು ಅಂತ ಹೇಳು." ನಾನು ಓದ್ತಿರೋದು ಮೆಕ್ಯಾನಿಕಲ್. ಆದ್ರೆ ಮನೆಯವರ ಕಣ್ಣಿಗೆ ಎಲ್ಲಾ ಬ್ರಾಂಚೂ ಒಂದೇ. ನಿಮಗೂ ಇವತ್ತಲ್ಲ ನಾಳೆ ಇಂಥ ಫೋನ್ ಬಂದೇ ಬರುತ್ತೆ. ಅದಕ್ಕೇ ಈ ಲೇಖನ.

ಅಪ್ಪ ಅಷ್ಟು ಗಾಬರಿಯಾಗಿ ಕೇಳಿದ್ದಕ್ಕೆ ಕಾರಣ ಇತ್ತು. ಚಿಕ್ಕಮಗಳೂರಿನ ನಮ್ಮ ಮನೆಯ ಅಡುಗೆಮನೆಯನ್ನು ನಾನು ಪಿಯುಸಿಯಲ್ಲಿದ್ದಾಗ ಹೊಸದಾಗಿ ಮಾಡಿಸಿದ್ದರು. ಅಮ್ಮ ವರ್ಷಗಟ್ಟಲೆ ಚೀಟಿ ಕಟ್ಟಿ ಉಳಿಸಿದ ದುಡ್ಡು ಅದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಂಕ್ ಕೆಳಗಿನ ಬಾಗಿಲು ಮುಚ್ಚದಾಯಿತು. ಮೈಕಾ ಎದ್ದು ಬಂತು, ತಳದ ಹಲಗೆ ಹಪ್ಪಳದ ಹಾಗೆ ಉಬ್ಬಿತು. ಅಮ್ಮ ಅದರ ಕೆಳಗೆ ಇಟ್ಟಿಗೆ ಕೊಟ್ಟು, ಬಾಗಿಲ ಸಂದಿಗೆ ಪೇಪರ್ ಮಡಚಿಟ್ಟು ಇವತ್ತಿಗೂ ಸುಧಾರಿಸ್ತಿದ್ದಾರೆ. "ಅಂಗಡಿಯವನು ವಾಟರ್‌ಪ್ರೂಫ್ ಅಂದಿದ್ದ" ಅನ್ನೋದು ಅವರ ಒಂದೇ ಮಾತು.

ಹಾಗಾದ್ರೆ ತಪ್ಪು ಎಲ್ಲಾಯ್ತು? ಹುಡುಕುತ್ತಾ ಹೋದಾಗ ನನಗೆ ಅರ್ಥವಾದದ್ದು ಇಷ್ಟು: ಅಡುಗೆಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಪ್ಲೈವುಡ್?" ಅಂತಲ್ಲ, "ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ?" ಅಂತ. ಬಣ್ಣ, ಡಿಸೈನ್, ಹಿಡಿಕೆ ಎಲ್ಲ ಆಮೇಲೆ.

ಪದರಗಳ ಕಥೆ

ಪ್ಲೈವುಡ್ ಅಂದ್ರೆ ಮರದ ದಿಮ್ಮಿಯನ್ನು ಪೆನ್ಸಿಲ್ ಶಾರ್ಪ್‌ನರ್‌ನಲ್ಲಿ ಹೆರೆದ ಹಾಗೆ ತೆಳುವಾಗಿ ಸುತ್ತಿ ಬಿಚ್ಚಿ, ಆ ಹಾಳೆಗಳನ್ನು ಅಂಟು ಹಾಕಿ ಬಿಸಿ ಪ್ರೆಸ್‌ನಲ್ಲಿ ಒತ್ತಿ ಮಾಡಿದ ಹಲಗೆ. ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರಗಳೂ ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುತ್ತವೆ.

ಮರ ತೇವ ಕುಡಿದಾಗ ನಾರಿನ ಉದ್ದಕ್ಕೆ ಹೆಚ್ಚೇನೂ ಹಿಗ್ಗಲ್ಲ, ನಾರಿಗೆ ಅಡ್ಡಲಾಗಿ ಚೆನ್ನಾಗಿ ಹಿಗ್ಗುತ್ತೆ. ಅದಕ್ಕೇ ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು 90 ಡಿಗ್ರಿ ತಿರುಗಿರುತ್ತೆ. ಒಂದರ ಹಿಗ್ಗುವಿಕೆಯನ್ನು ಇನ್ನೊಂದು ತಡೆಯುತ್ತೆ. ಎರಡೂ ಮುಖದಲ್ಲಿ ಸೆಳೆತ ಸಮ ಇರಲಿ ಅಂತ ಪದರಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಬೆಸ ಇಡ್ತಾರೆ: 3, 5, 7, 9 ಹೀಗೆ.

ಈ ಜಗಳವನ್ನೆಲ್ಲ ಹಿಡಿದಿಟ್ಟಿರೋದು ಅಂಟು. ಅಂಟು ಬಿಟ್ಟರೆ ಪ್ಲೈವುಡ್ ಮತ್ತೆ ಬರೀ ತೆಳು ಹಾಳೆಗಳ ಕಟ್ಟು. ಹಾಗಾಗಿ ಗ್ರೇಡ್ ಅನ್ನೋದರ ಮುಖ್ಯ ವ್ಯತ್ಯಾಸ ಇರೋದು ಅಂಟಿನಲ್ಲಿ. ಎಂಆರ್ ಗ್ರೇಡ್‌ಗೆ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಇದು ಗಾಳಿಯ ತೇವವನ್ನು ತಡೆಯುತ್ತೆ, ನಿಂತ ನೀರನ್ನಲ್ಲ. ಬಿಡಬ್ಲ್ಯೂಆರ್ ಗ್ರೇಡ್‌ಗೆ ಫೀನಾಲ್ ಫಾರ್ಮಾಲ್ಡಿಹೈಡ್. ಈ ಎರಡೂ ಐಎಸ್ 303 ಮಾನಕದಲ್ಲಿ ಬರುತ್ತವೆ. ಅದಕ್ಕೂ ಮೇಲಿನದು ಐಎಸ್ 710, ಅಂದ್ರೆ ಬಿಡಬ್ಲ್ಯೂಪಿ ಅಥವಾ ಮರೈನ್ ಪ್ಲೈ. ಇದರ ತುಂಡನ್ನು 72 ಗಂಟೆ ಕುದಿಯುವ ನೀರಲ್ಲಿ ಹಾಕಿ, ಆಮೇಲೆ ಪದರ ಬಿಡುತ್ತಾ ಅಂತ ಪರೀಕ್ಷೆ ಮಾಡ್ತಾರೆ.

ಒಂದು ಎಚ್ಚರಿಕೆ: ಆ ಪರೀಕ್ಷೆ ಹೇಳೋದು ಅಂಟು ಬಿಡಲ್ಲ ಅಂತ. ಮರ ನೀರು ಕುಡಿಯಲ್ಲ ಅಂತ ಅಲ್ಲ! ಮರೈನ್ ಪ್ಲೈ ಕೂಡ ತಿಂಗಳುಗಟ್ಟಲೆ ಒದ್ದೆಯಲ್ಲಿ ಕೂತರೆ ಊದಿಕೊಳ್ಳುತ್ತೆ, ಬೂಸ್ಟು ಹಿಡಿಯುತ್ತೆ. "ವಾಟರ್‌ಪ್ರೂಫ್" ಅನ್ನೋ ಪದ ಅಮ್ಮನಿಗೆ ಮೋಸ ಮಾಡಿದ್ದು ಇಲ್ಲೇ.

ನೀರು ಅಂಚಿನಿಂದ ಒಳಗೆ ಬರುತ್ತೆ

ಹಲಗೆಯ ಮುಖದ ಮೇಲೆ ಮೈಕಾ ಇರುತ್ತೆ, ನೀರು ಜಾರಿ ಹೋಗುತ್ತೆ. ಆದ್ರೆ ಕತ್ತರಿಸಿದ ಅಂಚಿನಲ್ಲಿ ನಾರಿನ ತುದಿಗಳು ಸಣ್ಣ ಸ್ಟ್ರಾಗಳ ಹಾಗೆ ಬಾಯಿ ತೆರೆದಿರುತ್ತವೆ. ಕ್ಯಾಪಿಲರಿ ಕ್ರಿಯೆ ನೆನಪಿದೆಯಲ್ಲ? ನೀರನ್ನು ಅವು ತಾವಾಗಿಯೇ ಎಳ್ಕೊಳ್ಳುತ್ತವೆ. ನಮ್ಮ ಮನೆಯ ತಳದ ಹಲಗೆಯನ್ನು ಕೊನೆಗೆ ಬಿಚ್ಚಿದಾಗ ಕಂಡದ್ದು ಇದೇ. ಮುಂದಿನ ಅಂಚಿಗೆ ಪಟ್ಟಿ ಹೊಡೆದಿದ್ದರು, ಕಣ್ಣಿಗೆ ಕಾಣದ ಹಿಂದಿನ ಅಂಚನ್ನೂ ವೇಸ್ಟ್ ಪೈಪ್‌ಗೆ ಕೊರೆದ ತೂತನ್ನೂ ಹಾಗೇ ಬಿಟ್ಟಿದ್ದರು. ಪೈಪಿನ ಜಾಯಿಂಟ್‌ನಿಂದ ದಿನಕ್ಕೆ ನಾಲ್ಕು ಹನಿ ಬಿದ್ದರೂ ಸಾಕಾಗಿತ್ತು.

ಇದರಿಂದ ಕೆಲವು ನಿಯಮ ಹುಟ್ಟುತ್ತವೆ. ನಾಲ್ಕೂ ಅಂಚಿಗೆ ಎಡ್ಜ್ ಬ್ಯಾಂಡ್ ಬೇಕು. ಕೊರೆದ ಪ್ರತಿ ತೂತಿನ ಒಳಮೈಗೆ ಸೀಲರ್ ಬೇಕು. ಮೈಕಾ ಹೊರಗೆ ಮಾತ್ರ ಹಚ್ಚಿ ಒಳಗೆ ಬಿಟ್ಟರೆ ಒಂದು ಕಡೆ ತೇವ ಹೀರಿ, ಇನ್ನೊಂದು ಕಡೆ ಹೀರದೆ ಬಾಗಿಲು ಬಿಲ್ಲಿನ ಹಾಗೆ ಬಾಗುತ್ತೆ. ಹಾಗಾಗಿ ಒಳಬದಿಗೂ ತೆಳುವಾದ ಲೈನರ್ ಮೈಕಾ ಹಚ್ಚಿಸಿ. ಅಂದಕ್ಕಲ್ಲ, ಸಮತೋಲನಕ್ಕೆ.

ಜಾಗಕ್ಕೆ ತಕ್ಕ ಹಲಗೆ

ಚಿಕ್ಕಪ್ಪನ ಅಡುಗೆಮನೆಯ ನಕ್ಷೆಯನ್ನು ಒಂದು ಹಾಳೆ ಮೇಲೆ ಬರೆದು ನಾಲ್ಕು ಬಣ್ಣ ಹಚ್ಚಿದೆ: ನೀರಿನ ಜಾಗ, ಬೆಂಕಿಯ ಜಾಗ, ಭಾರದ ಜಾಗ, ಒಣ ಜಾಗ. ಎಲ್ಲದಕ್ಕೂ ಒಂದೇ ಹಲಗೆ ಹಾಕಿದರೆ ಒಂದೋ ದುಡ್ಡು ದಂಡ, ಇಲ್ಲಾ ಅಡುಗೆಮನೆ ದಂಡ.

ನೀರಿನ ಜಾಗ: ಸಿಂಕ್ ಕೆಳಗೆ ತಳದ ಹಲಗೆಯೇ ಬೇಡ ಅಂದೆ. ನೆಲದ ಗ್ರಾನೈಟ್ ಹಾಗೇ ಕಾಣಲಿ. ಪಕ್ಕಕ್ಕೆ ಹಳೇ ಮನೆಗಳ ಹಾಗೆ ಕಡಪ ಕಲ್ಲು ನಿಲ್ಲಿಸಿ, ಬಾಗಿಲಿಗೆ ಮಾತ್ರ ಪ್ಲೈ ಬಳಸಬಹುದು. ನೀರು ಸೋರಿದರೆ ಮುಚ್ಚಿಹೋಗಲ್ಲ, ನೆಲದ ಮೇಲೆ ಹರಿದು ಕಾಣುತ್ತೆ. ಉಳಿದ ಕೆಳಗಿನ ಡಬ್ಬಗಳು 18 ಎಂಎಂ ಬಿಡಬ್ಲ್ಯೂಪಿ ಆಗಿದ್ದು, 100 ಎಂಎಂ ಎತ್ತರದ ಪಿವಿಸಿ ಕಾಲುಗಳ ಮೇಲೆ ನಿಲ್ಲಲಿ. ನಮ್ಮ ಮನೆಗಳಲ್ಲಿ ನೆಲಕ್ಕೆ ನೀರು ಹಾಕಿ ತೊಳೆಯೋ ಅಭ್ಯಾಸ ಇದೆ, ಹಲಗೆ ನೆಲ ಮುಟ್ಟಿದರೆ ಕಥೆ ಮುಗೀತು. ಕೆಳಗೆ ಜಾಗ ಇದ್ದರೆ ಪೊರಕೆ ಆಡುತ್ತೆ, ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತೆ.

ಬೆಂಕಿಯ ಜಾಗ: ಒಲೆಯ ಅಕ್ಕಪಕ್ಕ, ಮೇಲ್ಗಡೆ ಬಿಸಿ ಹಬೆಗೆ ಮೈಕಾದ ಅಂಟು ಸಡಿಲ ಆಗುತ್ತೆ. ಒಲೆಯ ನೇರ ಮೇಲೆ ಪ್ಲೈ ಕಪಾಟು ಬೇಡ, ಆ ಜಾಗ ಚಿಮಣಿಗೆ ಬಿಡಿ. ಸಿಲಿಂಡರ್ ಒಳಗಿಡೋದಾದ್ರೆ ಆ ಬಾಗಿಲಿನ ತಳಭಾಗದಲ್ಲಿ ಗಾಳಿಕಿಂಡಿ ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಸೇರಿಕೊಳ್ಳುತ್ತೆ. ಮೇಲೆ ಮಾತ್ರ ಚಂದದ ಜಾಲರಿ ಕೊರೆದರೆ ಪ್ರಯೋಜನವಿಲ್ಲ.

ಭಾರದ ಜಾಗ: ಅಕ್ಕಿ, ರಾಗಿ ಡಬ್ಬ ಇಡೋ ಶೆಲ್ಫ್. ಇಲ್ಲಿ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕೆಲಸಕ್ಕೆ ಬಂತು. ಎರಡೂ ತುದಿಯಲ್ಲಿ ಆಸರೆ ಇರುವ ಹಲಗೆಯ ಮೇಲೆ ಸಾಮಾನು ಸಮನಾಗಿ ಹರಡಿದ್ದರೆ, ಬಾಗು ಉದ್ದದ 4ನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತೆ, ದಪ್ಪದ 3ನೇ ಘಾತಕ್ಕೆ ತಕ್ಕಂತೆ ಕಡಿಮೆಯಾಗುತ್ತೆ. ದಪ್ಪವನ್ನು 12ರಿಂದ 18 ಎಂಎಂಗೆ ಏರಿಸಿದರೆ ಹಲಗೆ ಸುಮಾರು 3.4 ಪಟ್ಟು ಗಡಸು. ದಪ್ಪ ಹಾಗೇ ಇಟ್ಟು ಆಸರೆಗಳ ನಡುವಿನ ಅಂತರವನ್ನು 900ರಿಂದ 600 ಎಂಎಂಗೆ ಇಳಿಸಿದರೆ ಬಾಗು ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತೆ. ಅಂದ್ರೆ ದುಬಾರಿ ದಪ್ಪ ಹಲಗೆಗಿಂತ ನಡುವೆ ಒಂದು ಆಸರೆ ಹೆಚ್ಚು ಕೆಲಸ ಮಾಡುತ್ತೆ! ಜೊತೆಗೆ ಮೇಲ್ಪದರದ ನಾರು ಶೆಲ್ಫಿನ ಉದ್ದಕ್ಕೆ ಬರುವ ಹಾಗೆ ಕತ್ತರಿಸಬೇಕು, ಆ ದಿಕ್ಕಿನಲ್ಲೇ ಹಲಗೆ ಹೆಚ್ಚು ಗಟ್ಟಿ.

ಗೋಡೆಗೆ ತೂಗುಹಾಕುವ ಕಪಾಟೂ ಇದೇ ಗುಂಪಿಗೆ ಸೇರುತ್ತೆ. ಹಿಂಬದಿಯ 6 ಎಂಎಂ ಹಲಗೆಗೆ ಸ್ಕ್ರೂ ಹೊಡೆದು ನೇತುಹಾಕಬಾರದು. ಮೇಲ್ಭಾಗದಲ್ಲಿ 18 ಎಂಎಂ ಪಟ್ಟಿ ಕೊಟ್ಟು, ಅದರ ಮೂಲಕ ಗೋಡೆಗೆ ಆಂಕರ್ ಹಾಕಿಸಬೇಕು.

ಒಣ ಜಾಗ: ನೀರು, ಹಬೆ ಎರಡೂ ತಲುಪದ ಅಟ್ಟದ ಬಾಗಿಲು ಇಂಥವಕ್ಕೆ ಬಿಡಬ್ಲ್ಯೂಆರ್ ಸಾಕು. ಡ್ರಾಯರ್ ಪಕ್ಕಗಳಿಗೆ 12 ಎಂಎಂ ಸಾಕು. ಇಲ್ಲಿ ಉಳಿದ ದುಡ್ಡು ನೀರಿನ ಜಾಗಕ್ಕೆ ಹೋಗಲಿ.

8×4ರ ಲೆಕ್ಕ

ಪ್ಲೈವುಡ್ ಶೀಟ್ ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲ, ಅಂದ್ರೆ ಸುಮಾರು 2440×1220 ಎಂಎಂ. ಡಬ್ಬದ ಆಳ 600 ಎಂಎಂ ಇಟ್ಟರೆ, ಗರಗಸ ತಿನ್ನೋ 3-4 ಎಂಎಂ ಕಳೆದರೂ ಒಂದು ಶೀಟಿನಲ್ಲಿ ಎರಡು ಉದ್ದ ಪಟ್ಟಿ ಸಿಗುತ್ತೆ. 620 ಎಂಎಂ ಇಟ್ಟಿರೋ, ಒಂದೇ ಪಟ್ಟಿ! ಬರೀ 20 ಎಂಎಂ ಆಸೆಗೆ ಶೀಟಿನ ಅರ್ಧ ಭಾಗ ಬೇರೆ ಸಣ್ಣ ಕೆಲಸಕ್ಕೆ ಹುಡುಕಾಡಬೇಕು. ಕಾರ್ಪೆಂಟರ್ ಜೊತೆ ಕೂತು ಮೊದಲೇ ಗ್ರಾಫ್ ಹಾಳೆಯಲ್ಲಿ ಕಟಿಂಗ್ ಪ್ಲ್ಯಾನ್ ಹಾಕಿ. ಒಂದು ಶೀಟ್ ಉಳಿದರೂ ನೀವು ಊಟ ಹಾಕಿಸ್ಕೊಳ್ಳಬಹುದು.

ಎತ್ತರ ಮಾತ್ರ ಶೀಟ್ ನೋಡಿ ತೀರ್ಮಾನಿಸಬೇಡಿ, ಅಡುಗೆ ಮಾಡುವವರನ್ನು ನೋಡಿ. ಕಟ್ಟೆ ಮೊಣಕೈಗಿಂತ 10-15 ಸೆಂಟಿಮೀಟರ್ ಕೆಳಗಿದ್ದರೆ ಬೆನ್ನಿಗೆ ಆರಾಮ. ಚಿಕ್ಕಮ್ಮ ಗಿಡ್ಡ, ಕೆಟಲಾಗಿನ ಎತ್ತರ ಅವರಿಗೆ ಭುಜ ಎತ್ತಿಸುತ್ತಿತ್ತು. ಟೇಪ್ ಹಿಡಿದು ಅವರನ್ನು ನಿಲ್ಲಿಸಿ ಅಳೆದಾಗ "ಬ್ಲೌಸ್ ಹೊಲಿಸೋಕೂ ಇಷ್ಟು ಅಳತೆ ತಗೊಂಡಿಲ್ಲ ಕಣೋ" ಅಂದ್ರು.

ಅಂಗಡಿಯಲ್ಲಿ

ಶೀಟಿನ ಮೇಲೆ ಐಎಸ್ಐ ಗುರುತು, 303 ಅಥವಾ 710 ಅನ್ನೋ ಸಂಖ್ಯೆ, ಅದರ ಜೊತೆ ಲೈಸೆನ್ಸ್ ನಂಬರ್ ನೋಡಿ. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಇನ್ನೂ ಜಾರಿಯಲ್ಲಿದೆಯಾ ಅಂತ ತಿಳಿಯುತ್ತೆ. ಆಮೇಲೆ ಅಂಚನ್ನು ನೋಡಿ: ಪದರಗಳ ನಡುವೆ ಖಾಲಿ ಸಂದು ಇದ್ದರೆ ಅಲ್ಲಿ ಸ್ಕ್ರೂ ಹಿಡಿಯಲ್ಲ, ನೀರು ನಿಲ್ಲುತ್ತೆ. ಫೀನಾಲಿಕ್ ಅಂಟಿನ ಗೆರೆ ಕಡು ಕಂದು ಬಣ್ಣಕ್ಕಿರುತ್ತೆ, ಆದ್ರೆ ಬಣ್ಣ ಬೆರೆಸಿಯೂ ಹಾಗೆ ಮಾಡಬಹುದು. ಹಾಗಾಗಿ ಅದೊಂದನ್ನೇ ನಂಬಬೇಡಿ. ನೀವು ನೋಡಿದ ಶೀಟೇ ಮನೆಗೆ ಬಂತಾ ಅಂತ ಇಳಿಸುವಾಗ ಇನ್ನೊಮ್ಮೆ ನೋಡಿ.

ಕೊನೆಗೆ ಏನಾಯ್ತು?

ಸಿಂಕ್ ಕೆಳಗೆ ಹಲಗೆ ಬೇಡ ಅಂದಾಗ ಕಾರ್ಪೆಂಟರ್ ನಕ್ಕಿದ್ದರು, ಚಿಕ್ಕಪ್ಪ "ಅರ್ಧ ಕೆಲಸದ ಹಾಗೆ ಕಾಣುತ್ತಲ್ಲೋ" ಅಂದಿದ್ದರು. ಮನೆ ಒಕ್ಕಲಾಗಿ ಎರಡನೇ ತಿಂಗಳಿಗೆ ಚಿಕ್ಕಮ್ಮನ ಫೋನ್ ಬಂತು. ಸಿಂಕ್ ಮುಂದೆ ಕಾಲಿಗೆ ಒದ್ದೆ ತಾಗಿತಂತೆ. ಬಾಗಿಲು ತೆಗೆದು ನೋಡಿದರೆ ಪೈಪಿನ ಜಾಯಿಂಟ್ ಸೋರುತ್ತಿತ್ತು. ಒಂದು ವಾಷರ್ ಬದಲಾಯಿಸಿದರು, ಅಷ್ಟೇ. ಅದೇ ಸೋರಿಕೆ ನಮ್ಮ ಮನೆಯಲ್ಲಿ ಎರಡು ವರ್ಷ ಯಾರಿಗೂ ಕಾಣದೆ ಹಲಗೆಯೊಳಗೆ ಇಳಿದಿತ್ತು.

ಈ ಸಲ ರಜೆಗೆ ಊರಿಗೆ ಹೋದಾಗ ಮೊಬೈಲ್ ಟಾರ್ಚ್ ಹಿಡಿದು ಸಿಂಕ್ ಕೆಳಗೆ ಒಮ್ಮೆ ಬಗ್ಗಿ ನೋಡಿ. ಹಿಂದಿನ ಅಂಚನ್ನು ಬೆರಳಲ್ಲಿ ಮುಟ್ಟಿ. ಮೆತ್ತಗಿದ್ದರೆ ಮೊದಲು ಪ್ಲಂಬರ್‌ಗೆ ಫೋನ್ ಮಾಡಿ, ಕಾರ್ಪೆಂಟರ್‌ಗೆ ಆಮೇಲೆ. ನಾನಂತೂ ದಸರಾ ರಜೆಯಲ್ಲಿ ಅಮ್ಮನ ಆ ಇಟ್ಟಿಗೆ ತೆಗೆಸೋದು ಅಂತ ನಿರ್ಧಾರ ಮಾಡಿದ್ದೀನಿ.