ಕೂದಲೆಳೆಯೂ ನಿಜ, ಅಳತೆಯೊಂದೇ ಸುಳ್ಳು

ಶ್ರವಣಬೆಳಗೊಳದ ಗೊಮ್ಮಟನ ನಡುಬೆರಳು 5 ಅಡಿ 3 ಅಂಗುಲ. ಬೆರಳೊಂದೇ! ಮುಂಬೈಯಲ್ಲಿ ಬೆಳಗಿನ ಚರ್ಚ್‌ಗೇಟ್ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಮೈಗೆ ಮೈ ತಾಗಿಸಿ ನಿಲ್ಲುವ ಹೆಂಗಸರಲ್ಲಿ ಎಷ್ಟೋ ಮಂದಿ ಆ ಬೆರಳಿಗಿಂತ ಗಿಡ್ಡ, ನಾನಂತೂ ಹೌದು. ಪಾದ 9 ಅಡಿ, ಅದರ ಹೆಬ್ಬೆರಳೇ 2 ಅಡಿ 9 ಅಂಗುಲ. ದಹಿಸರ್‌ನ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಇದೇ ಗೊಮ್ಮಟ ಅಂಗೈಯುದ್ದ ಇದ್ದಾನೆ. ಅದೇ ಗುಂಗುರು ಕೂದಲು, ಅದೇ ನಸುನಗು, ತೋಳಿಗೆ ಹಬ್ಬಿದ ಅದೇ ಬಳ್ಳಿ. ಹಾಲಿನ ಲೆಕ್ಕ ಬರೆಯುವಾಗ ದಿನಾ ನೋಡುತ್ತೇನೆ, ಏನೂ ಆಗುವುದಿಲ್ಲ. ವಿಂಧ್ಯಗಿರಿ ಹತ್ತಿ, ಕೊನೆಯ ಬಾಗಿಲು ದಾಟಿ, ಕತ್ತೆತ್ತಿದರೆ ಮಾತ್ರ ಮಂಡಿಯ ಬಲವೇ ಇಳಿದುಹೋಗುತ್ತದೆ. ರೂಪ ಅದೇ, ಬದಲಾದದ್ದು ಅಳತೆ. ಬರೀ ಅಳತೆ ಮೈಯನ್ನು ಹೀಗೆ ಅಲ್ಲಾಡಿಸುವುದು ಹೇಗೆ?

ಜೀವಮಾನವಿಡೀ ಇದೊಂದರ ಬೆನ್ನು ಹತ್ತಿದವರು ಶಿಲ್ಪಿ ರಾನ್ ಮ್ಯೂಕ್. 1958ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದರು. ಆಟಿಕೆ ಮಾಡುವವರ ಮಗ. ಟಿವಿಗೆ, ಸಿನಿಮಾಕ್ಕೆ ಗೊಂಬೆ ಮಾಡುತ್ತ ಲಂಡನ್ ಸೇರಿದರು. 1997ರಲ್ಲಿ ಅಲ್ಲಿನ ರಾಯಲ್ ಅಕಾಡೆಮಿಯ ಪ್ರದರ್ಶನವೊಂದರಲ್ಲಿ ಅವರ ‘ಡೆಡ್ ಡ್ಯಾಡ್’ ಇತ್ತು: ತೀರಿಕೊಂಡ ಸ್ವಂತ ತಂದೆ, ಬೆತ್ತಲೆ, ಅಂಗಾತ. ಚರ್ಮದ ಸುಕ್ಕು, ಕಾಲಿನ ರೋಮ, ಉಗುರಿನ ಬಣ್ಣ, ಒಂದರಲ್ಲೂ ಮೋಸವಿಲ್ಲ. ತಲೆಗೆ ನೆಟ್ಟ ಕೂದಲು ಮಗನದ್ದೇ! ಆದರೆ ಇಡೀ ದೇಹದ ಉದ್ದ ಸುಮಾರು 1 ಮೀಟರ್. ಅಷ್ಟೇ. ನೋಡಬೇಕೆಂದರೆ ಬಗ್ಗಲೇಬೇಕು, ತೊಟ್ಟಿಲಿನ ಮಗುವನ್ನು ನೋಡಲು ಬಗ್ಗಿದ ಹಾಗೆ. ಬಗ್ಗಿದ ಕೂಡಲೇ ನೀವು ದೊಡ್ಡವರು, ಅಪ್ಪ ಕೂಸು.

1999ರ ‘ಬಾಯ್’ ಇದರ ತಿರುವುಮುರುವು. ಕುಕ್ಕರುಗಾಲಲ್ಲಿ ಕೂತ ಹುಡುಗ, ಕೂತೇ ನಾಲ್ಕೂವರೆ ಮೀಟರ್! ಈಗ ಡೆನ್ಮಾರ್ಕ್‌ನ ಆರ್ಹುಸ್ ನಗರದ ಮ್ಯೂಸಿಯಂನಲ್ಲಿದ್ದಾನೆ. ಅಷ್ಟು ದೊಡ್ಡವನು ಕೈಯಡಿಯಿಂದ ಕದ್ದು ನೋಡುತ್ತಾನೆ, ಹೆದರಿದವನಂತೆ. ಯಾರಿಗೆ ಹೆದರಿದ? ಅವನ ಮೊಣಕಾಲಿಗೂ ಬಾರದ ನಮಗೆ! ಜೀವಂತ ಇದ್ದಾನೆಂದು ಯಾರ ಕಣ್ಣೂ ಮೋಸಹೋಗುವುದಿಲ್ಲ. ಆದರೂ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಮ್ಯೂಕ್ ಕೆಲಸದ ಬಗೆ ಇದು: ಜೇಡಿಮಣ್ಣಿನಲ್ಲಿ ರೂಪ ತಿದ್ದಿ, ಅಚ್ಚು ತೆಗೆದು, ಸಿಲಿಕೋನ್ ಅಥವಾ ಫೈಬರ್‌ಗ್ಲಾಸ್ ತುಂಬಿ, ಬಣ್ಣ ಕೂರಿಸಿ, ಒಂದೊಂದೇ ಕೂದಲು ನೆಡುವುದು. ತಿಂಗಳುಗಟ್ಟಲೆ ಕೆಲಸ. ಇಷ್ಟು ಪಾಡುಪಟ್ಟೂ ಮ್ಯೂಕ್ ಆಳೆತ್ತರಕ್ಕೆ ಮಾಡುವುದಿಲ್ಲ. ಆಳೆತ್ತರದ ಜನರನ್ನು ದಿನಾ ನೋಡುತ್ತೇವಲ್ಲ ಎಂಬುದು ಅವರ ವಾದ. ದಾದರ್ ಸ್ಟೇಷನ್ನಿನಲ್ಲಿ ಇಳಿದು ನೋಡಿದವರು ಇದನ್ನು ತಕ್ಷಣ ಒಪ್ಪುತ್ತಾರೆ.

ನನಗೆ ಮಾತ್ರ ಪೂರ್ತಿ ಒಪ್ಪಿಗೆಯಿಲ್ಲ, ಕಾರಣ ಕೊಪ್ಪಳ. 2020ರ ಆಗಸ್ಟ್‌ನಲ್ಲಿ ಅಲ್ಲಿನ ಉದ್ಯಮಿಯೊಬ್ಬರ ಗೃಹಪ್ರವೇಶ. ಅಪಘಾತದಲ್ಲಿ ತೀರಿಕೊಂಡ ಮನೆಯಾಕೆ ಸೀರೆ ಉಟ್ಟು, ಒಡವೆ ತೊಟ್ಟು, ಸೋಫಾದ ಮೇಲೆ ನಗುತ್ತ ಕೂತಿದ್ದಾರೆ! ಬೆಂಗಳೂರಿನ ‘ಗೊಂಬೆ ಮನೆ’ಯ ಶ್ರೀಧರ ಮೂರ್ತಿ ಮಾಡಿದ ಸಿಲಿಕೋನ್ ಪ್ರತಿಮೆ. ಮೇಣದ್ದಾದರೆ ಕೊಪ್ಪಳದ ಬಿಸಿಲಿಗೆ ಸದಾ ಎಸಿ ಬೇಕಿತ್ತು. ಆ ಫೋಟೊ ದೇಶವೆಲ್ಲ ಸುತ್ತಿತು, ಎಲ್ಲರೂ ಮುಖ ನೋಡಿ ಬೆರಗಾದರು. ನೀವು ಸೋಫಾ ನೋಡಿ. ಮೋಡಿಯಲ್ಲಿ ಅರ್ಧ ಪಾಲು ಅದರದ್ದು. ಮೊಣಕೈ ಎಲ್ಲಿ ಊರಬೇಕು, ಮಂಡಿ ಎಲ್ಲಿ ಮಡಚಬೇಕು ಎಂಬುದನ್ನು ಸೋಫಾ ಬಲ್ಲದು. ಪ್ರತಿಮೆ ನಾಲ್ಕು ಅಂಗುಲ ಕಮ್ಮಿಯಾಗಿದ್ದರೂ ಅದು ಚಾಡಿ ಹೇಳಿಬಿಡುತ್ತಿತ್ತು. ಮನೆಯವರಿಗೆ ಬೇಕಾದದ್ದು ಬೆರಗಲ್ಲ, ಪಕ್ಕದಲ್ಲಿ ಕೂರುವ ಜಾಗ. ಅದಕ್ಕೆ ಆಳೆತ್ತರವೇ ಸರಿ. ಸುತ್ತಲಿನ ಸಾಮಾನು ಹೀಗೆ ಚಾಡಿ ಹೇಳುವುದನ್ನು ಮ್ಯೂಕ್ ಬಲ್ಲರು. 2005ರ ‘ಇನ್ ಬೆಡ್’ನಲ್ಲಿ ಹೆಂಗಸೊಬ್ಬಳ ಜೊತೆ ಹಾಸಿಗೆ, ದಿಂಬು, ಹೊದಿಕೆಯನ್ನೂ ಹಿಗ್ಗಿಸಿ ಆರೂವರೆ ಮೀಟರ್ ಮಾಡಿಟ್ಟರು. ಮಂಚವೂ ಅವಳ ಪಕ್ಷ ಸೇರಿದ ಮೇಲೆ ಕೋಣೆಯಲ್ಲಿ ಅಳತೆ ತಪ್ಪಿದವರು ನಾವೇ!

ಇದೆಲ್ಲ ಹೊಸದು ಅಂದುಕೊಂಡಿರಾ? ಬೊಪ್ಪಣ ಪಂಡಿತನನ್ನು ಕೇಳಿ. ಬೆಳಗೊಳದಲ್ಲಿ ಸುಮಾರು 1180ರಲ್ಲಿ ಅವನು ಬರೆದ ಶಾಸನದ ಸಾರ ಇಷ್ಟು: ಮೂರ್ತಿ ಬಹಳ ಎತ್ತರವಾದರೆ ಚೆಲುವು ಕೂಡಿಬರುವುದಿಲ್ಲ, ಎತ್ತರ ಚೆಲುವು ಎರಡೂ ಕೂಡಿದರೆ ಅತಿಶಯ ಬರುವುದಿಲ್ಲ, ಈ ಗೊಮ್ಮಟನಲ್ಲಿ ಮೂರೂ ಇವೆ. ಅಬ್ಬಾ! ದೊಡ್ಡ ಪುತ್ಥಳಿ ನಿಲ್ಲಿಸಲು ಟೆಂಡರ್ ಕರೆಯುವವರೆಲ್ಲ ಮೊದಲು ಓದಬೇಕಾದ ಶಾಸನವಿದು. ಅವನೇ ಹೇಳುವ ಕಥೆ ಇನ್ನೂ ಸೊಗಸು. ಭರತ ಚಕ್ರವರ್ತಿ ಪೌದನಪುರದಲ್ಲಿ 525 ಬಿಲ್ಲೆತ್ತರದ ಬಾಹುಬಲಿಯನ್ನು, ಅಂದರೆ ಗೊಮ್ಮಟನನ್ನೇ, ನಿಲ್ಲಿಸಿದ್ದನಂತೆ. ಸುತ್ತ ಕುಕ್ಕುಟಸರ್ಪಗಳು (ಕೋಳಿಹಾವುಗಳು) ತುಂಬಿ ದಾರಿ ಮುಚ್ಚಿತಂತೆ. ಅದನ್ನು ನೋಡಲಾಗದ ಚಾವುಂಡರಾಯ ಬೆಳಗೊಳದಲ್ಲಿ ತಾನೇ ಒಂದನ್ನು ಮಾಡಿಸಿದನಂತೆ. ಆ ಪೌದನಪುರದ ಹೆಸರು ಹೊತ್ತ ಜೈನ ಬಸದಿ ಇರುವುದೆಲ್ಲಿ? ದಹಿಸರ್‌ನಿಂದ ಒಂದೇ ಸ್ಟೇಷನ್, ಬೊರಿವಲಿ ಪೂರ್ವದಲ್ಲಿ! ಆದಿನಾಥ, ಭರತ, ಬಾಹುಬಲಿ ಮೂವರೂ ಸಾಲಾಗಿ ಆಕಾಶಕ್ಕೆ ನಿಂತಿದ್ದಾರೆ. ಕಾದಾಡಿದ ಅಣ್ಣತಮ್ಮಂದಿರು ತಂದೆಯ ಎರಡು ಮಗ್ಗುಲಿಗೆ.

ಆ ಬಸದಿಯ ಸುತ್ತಲಿನ ರಾಷ್ಟ್ರೀಯ ಉದ್ಯಾನದ ಕಾಡಿನ ಒಳಗೆ ಹೋದರೆ ಕನ್ಹೇರಿ ಗುಹೆಗಳು. ಅಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ, ಹೌದು, ನಮ್ಮ ನೃಪತುಂಗನದ್ದೇ. ನೇರ 3ನೇ ಗುಹೆಗೆ ಹೋಗಿ. ಜಗಲಿಯ ಎರಡು ಕೊನೆಗೂ ಒಬ್ಬೊಬ್ಬ ಬುದ್ಧ, ಸುಮಾರು 7 ಮೀಟರ್, ಎದುರುಬದುರು. ನಡುವಿನ ಬಾಗಿಲ ಎಡಬಲಕ್ಕೆ ದಂಪತಿಗಳು: ತುಂಬುಗಲ್ಲ, ದಪ್ಪ ಕಾಲ್ಕಡಗ, ಸೊಂಟಪಟ್ಟಿ. ನಮ್ಮ ನಿಮ್ಮಂತೆ ಮನುಷ್ಯರು. ಬುದ್ಧರನ್ನು ಕೆತ್ತಿದ್ದು ಕೆಲವು ಶತಮಾನಗಳ ಆಮೇಲೆ. ಹೀಗೆ ಒಂದೇ ಜಗಲಿಯಲ್ಲಿ ಎರಡು ಅಳತೆಗಳು! ದಂಪತಿಗಳ ಮುಂದೆ ಜನ ಹತ್ತಿರ ಹೋಗಿ ಒಡವೆ ನೋಡುತ್ತಾರೆ, ಮಾತಾಡುತ್ತಾರೆ. ಬುದ್ಧನ ಕಡೆ ತಿರುಗಿದ್ದೇ ತಡ ಕುತ್ತಿಗೆ ಹಿಂದಕ್ಕೆ ವಾಲುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ. ಸೆಲ್ಫಿಯಲ್ಲೋ, ನಿಮ್ಮ ಮುಖ ಬಂದರೆ ಅವನ ತಲೆ ಇಲ್ಲ, ಅವನ ತಲೆ ಬಂದರೆ ನೀವಿಲ್ಲ. ಮುಂಬೈಯ ಲಾಲ್‌ಬಾಗ್‌ನ ಗಣಪತಿ ಮಂಡಳಿಯವರು ಈ ತಾಪತ್ರಯವನ್ನು ಎಂದೋ ಬಗೆಹರಿಸಿದ್ದಾರೆ: ಪಾದ ಮುಟ್ಟುವ ಹರಕೆಯವರಿಗೆ ಒಂದು ಸಾಲು, ಮುಖದರ್ಶನಕ್ಕೆ ಬೇರೆ ಸಾಲು.

ಕನ್ಹೇರಿಗೆ ಹೋದರೆ ಮೊದಲು ದಂಪತಿಗಳನ್ನು ನೋಡಿ, ಬುದ್ಧ ಆಮೇಲೆ. ಸೋಮವಾರ ಹೋಗಬೇಡಿ, ಉದ್ಯಾನದ ಗೇಟು ಮುಚ್ಚಿರುತ್ತದೆ.