ಮೂರು ಸ್ಪರ್ಧೆ, ಒಂದು ಪಾರಿತೋಷಕ: ಒಟ್ಟು ಸ್ಥಾನದ ಲೆಕ್ಕ



ಬೆಳೆ ಸ್ಪರ್ಧೆ, ಹಾಲು ಕರೆಯುವ ಸ್ಪರ್ಧೆ, ಗೊಬ್ಬರದ ಗುಂಡಿಯ ಸ್ಪರ್ಧೆ ಇವನ್ನು ಬೇರೆ ಬೇರೆ ನಡೆಸುವಾಗ ತಕರಾರು ಕಡಮೆ. ರಾಗಿಯನ್ನು ತೂಗಿದರಾಯಿತು, ಹಾಲನ್ನು ಅಳೆದರಾಯಿತು. ಮೂರನ್ನೂ ಸೇರಿಸಿ ಒಂದು ಊರಿಗೆ ಒಂದೇ ಪಾರಿತೋಷಕ ಕೊಡಹೊರಟಾಗ ಮಾತು ಬೆಳೆಯುತ್ತದೆ. ಗೆದ್ದವರು ಲೆಕ್ಕ ಕೇಳುವುದಿಲ್ಲ, ಸೋತವರು ಕೇಳುತ್ತಾರೆ. ಕೇಳುವುದು ನ್ಯಾಯವೇ.

ಕ್ವಿಂಟಲನ್ನೂ ಲೀಟರನ್ನೂ ಹಾಗೆಯೇ ಕೂಡಲಾಗದು. ಎಕರೆಗೆ 15 ಕ್ವಿಂಟಲ್ ರಾಗಿ, ದಿನಕ್ಕೆ 12 ಲೀಟರ್ ಹಾಲು ಎಂದಿಟ್ಟುಕೊಳ್ಳಿ. ಕೂಡಿದರೆ 27. ಅದೇ ರಾಗಿಯನ್ನು ಕಿಲೋದಲ್ಲಿ ಬರೆದರೆ 1500 ಆಗಿ, ಹಾಲು ಇದ್ದೂ ಇಲ್ಲದಂತಾಗುತ್ತದೆ. ಆದುದರಿಂದ ಅಳತೆಯನ್ನು ಬಿಟ್ಟು ಸ್ಥಾನವನ್ನು ಹಿಡಿಯುವುದುಂಟು. ಮೊದಲನೆಯ ಊರಿಗೆ 1, ಎರಡನೆಯದಕ್ಕೆ 2. ಎಲ್ಲವನ್ನೂ ಕೂಡಿ, ಮೊತ್ತ ಕಡಮೆ ಬಂದ ಊರು ಮೇಲು. ಲೆಕ್ಕ ಸುಲಭ. ಆದರೆ ಒಂದು ಸೇರು ರಾಗಿಯಿಂದ ಸೋತರೂ ಐದು ಕ್ವಿಂಟಲಿನಿಂದ ಸೋತರೂ ಇಲ್ಲಿ ಒಂದೇ.

ಐದು ಊರುಗಳು ಸೇರಿವೆ ಎನ್ನಿ. ಕೆರೆಯೂರು ರಾಗಿಯಲ್ಲಿ 1, ಹಾಲಿನಲ್ಲಿ 1, ಗೊಬ್ಬರದ ಗುಂಡಿಯಲ್ಲಿ 5. ಬೆಟ್ಟದೂರು ಮೂರರಲ್ಲೂ 2. ಕೂಡಿದರೆ ಕೆರೆಯೂರಿಗೆ 7, ಬೆಟ್ಟದೂರಿಗೆ 6, ಬೆಟ್ಟದೂರು ಗೆದ್ದಿತು. ಕೂಡುವ ಬದಲು ಗುಣಿಸಿದರೆ ಕೆರೆಯೂರಿಗೆ 5, ಬೆಟ್ಟದೂರಿಗೆ 8, ಕೆರೆಯೂರು ಗೆದ್ದಿತು! ಕೂಡುವ ಲೆಕ್ಕ ಎಲ್ಲದರಲ್ಲೂ ಹದವಾಗಿರುವವರನ್ನು ಮೆಚ್ಚುತ್ತದೆ. ಗುಣಿಸುವ ಲೆಕ್ಕ ಒಂದೆರಡರಲ್ಲಿ ಮೊದಲು ಬಂದವರನ್ನು ಎತ್ತುತ್ತದೆ.

ಗುಣಿಸುವುದು ನಾನು ಕಟ್ಟಿದ ಮಾತಲ್ಲ. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನ ಗೋಡೆ ಹತ್ತುವ ಸ್ಪರ್ಧೆಯಲ್ಲಿ ಮೂರು ಬಗೆಯ ಹತ್ತುವಿಕೆಯ ಸ್ಥಾನಗಳನ್ನು ಗುಣಿಸಿದರು. ಸ್ಪೇನಿನ ಆಲ್ಬರ್ಟೊ ಹೀನೆಸ್ ಲೋಪೆಸ್ 1, 7, 4ನೆಯ ಸ್ಥಾನ ಪಡೆದು 28ರಿಂದ ಚಿನ್ನ ಗೆದ್ದನು. ಚೆಕ್ ದೇಶದ ಆಡಮ್ ಒಂಡ್ರನದು 4, 6, 2. ಗುಣಲಬ್ಧ 48, ಆರನೆಯ ಸ್ಥಾನ. ಕೊನೆಯ ಬಗೆಯಲ್ಲಿ ಆಸ್ಟ್ರಿಯದ ಯಾಕೋಬ್ ಶೂಬರ್ಟ್ ಅವನನ್ನು ಮೀರದೆ ಎರಡನೆಯವನಾಗಿದ್ದರೆ ಒಂಡ್ರನಿಗೆ 24 ಬಂದು ಚಿನ್ನ ಅವನದಾಗುತ್ತಿತ್ತು. ಬೇರೊಬ್ಬನ ಒಂದು ಹತ್ತುವಿಕೆಯಿಂದ ಚಿನ್ನದಿಂದ ಆರಕ್ಕೆ! 2024ರ ಪ್ಯಾರಿಸ್‌ನಲ್ಲಿ ಆ ಕ್ರಮವನ್ನು ಕೈಬಿಟ್ಟು, ವೇಗದ ಹತ್ತುವಿಕೆಯನ್ನು ಬೇರೆಮಾಡಿ, ಉಳಿದೆರಡಕ್ಕೆ ತಲಾ 100 ಅಂಕವಿಟ್ಟು ಕೂಡಿದರು.

ಕೂಡುವ ಲೆಕ್ಕದಲ್ಲೂ ಈ ತೊಡಕು ಉಂಟು. ಗೊಬ್ಬರದ ಗುಂಡಿಯಲ್ಲಿ ಮೂರನೆಯ, ನಾಲ್ಕನೆಯ ಸ್ಥಾನದ ಊರುಗಳು ಸ್ಪರ್ಧೆಗೇ ಬರಲಿಲ್ಲವೆನ್ನಿ. ಕೆರೆಯೂರು 5ರಿಂದ 3ಕ್ಕೆ ಏರಿ ಅದರ ಮೊತ್ತ 5 ಆಯಿತು. 6ರ ಬೆಟ್ಟದೂರು ಸೋತಿತು. ಎರಡೂ ಊರಿನ ಗುಂಡಿಯಲ್ಲಿ ಒಂದು ಮಂಕರಿ ಗೊಬ್ಬರವೂ ಹೆಚ್ಚುಕಡಮೆಯಾಗಿಲ್ಲ. ಪಕ್ಕದ ಊರಿನವರಿಗೆ "ಈ ಸಲ ನೀವು ಬರಬೇಡಿ" ಎಂದು ಹೇಳಿಸಿಯೂ ಗೆಲ್ಲಬಹುದೆಂದಾಯಿತು.

ಆದುದರಿಂದ ಅಳೆಯಬಹುದಾದ ಕಡೆ ಅಂಕಪಟ್ಟಿಯೇ ವಾಸಿಯೆಂದು ನನ್ನ ಅಭಿಪ್ರಾಯ. ಹತ್ತು ಆಟಗಳ ಡೆಕಾಥ್ಲಾನ್‌ನಲ್ಲಿ ಇಷ್ಟು ಓಟಕ್ಕೆ, ಇಷ್ಟು ನೆಗೆತಕ್ಕೆ ಇಷ್ಟು ಅಂಕವೆಂದು ಮೊದಲೇ ಗೊತ್ತುಮಾಡಿದ ಪಟ್ಟಿಯಿದೆ. ಯಾರು ಬಂದರೂ ಬಿಟ್ಟರೂ ನಿಮ್ಮ ಅಂಕ ನಿಮ್ಮದೇ. ಹಾಗೆಯೇ ಎಕರೆಗೆ 20 ಕ್ವಿಂಟಲಿಗೆ 100 ಅಂಕ, 10ಕ್ಕೆ 50 ಎಂದು ಬಿತ್ತನೆಗೆ ಮುಂಚೆಯೇ ಪಂಚಾಯಿತಿಯಲ್ಲಿ ಬರೆದಿಡಿ. ಮಳೆಯಾಶ್ರಯದ ಹೊಲಕ್ಕೂ ನೀರಾವರಿ ಗದ್ದೆಗೂ ಪಟ್ಟಿ ಬೇರೆಯಿರಲಿ. ಗುಂಡಿಯನ್ನು ಕಣ್ಣಳತೆಯಿಂದ ನೋಡಬೇಕಾದುದರಿಂದ ಹೊರ ಊರಿನ ಮೂವರು ಅಂಕ ಕೊಟ್ಟು ಸರಾಸರಿ ತೆಗೆಯಲಿ.

ಸ್ಥಾನದ ಲೆಕ್ಕವನ್ನೇ ಇಟ್ಟುಕೊಳ್ಳುವುದಾದರೆ ಎರಡು ಮಾತು. ಇಬ್ಬರು ಎರಡನೆಯ ಸ್ಥಾನದಲ್ಲಿ ಸಮನಾದರೆ 2 ಮತ್ತು 3ನ್ನು ಹಂಚಿ ಇಬ್ಬರಿಗೂ ಎರಡೂವರೆ ಬರೆಯಿರಿ. ಹೆಸರು ಕೊಟ್ಟು ಬಾರದ ಊರಿಗೆ, ಹೆಸರು ಕೊಟ್ಟ ಊರುಗಳ ಸಂಖ್ಯೆಗೆ ಒಂದು ಕೂಡಿಸಿ ಹಾಕಿರಿ. ಐದು ಊರಾದರೆ 6.